ಮೊದಲು ಮಲಗುವವರು ಯಾರು? ಕ್ಯಾರವಾನ್ ಹಾಸಿಗೆಯ ಲೆಕ್ಕ ಅಲ್ಲಿಂದ ಶುರು

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ನಾನು, ಹೆಂಡತಿ, 9 ವರ್ಷದ ಮಗಳು, 5 ವರ್ಷದ ಮಗ. ಎರಡು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಹಾಸನದಿಂದ ಅಪ್ಪ ಅಮ್ಮ ಬಂದು ಎರಡು ತಿಂಗಳು ಇರುತ್ತಾರೆ. ಅಪ್ಪನಿಗೆ 72, ಮಂಡಿ ನೋವು, ರಾತ್ರಿ ಎರಡು ಮೂರು ಸಲ ಏಳುತ್ತಾರೆ. ನಮ್ಮದು ಏಳು ಸೀಟಿನ ಡೀಸೆಲ್ ಎಸ್‌ಯುವಿ, ಕರ್ಬ್ ತೂಕ (ಜನ, ಸಾಮಾನು ಇಲ್ಲದ ಕಾರಿನ ತೂಕ) 1,850 ಕೆಜಿ. ಆರೇಳು ವರ್ಷ ಹಳೆಯ ಟೂರಿಂಗ್ ಕ್ಯಾರವಾನ್, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಗಾಡಿ, ಕೊಳ್ಳಬೇಕು ಅಂತಿದ್ದೇವೆ. ಡೀಲರ್ ಹತ್ತಿರ ನೋಡಿದ, ತಲೆಯ ಕಡೆ ಮಾತ್ರ ಗೋಡೆಗೆ ತಾಗಿರುವ ಐಲ್ಯಾಂಡ್ ಬೆಡ್‌ನ ನಾಲ್ಕು ಬರ್ತ್ ಗಾಡಿ ನನ್ನ ಹೆಂಡತಿಗೆ ತುಂಬ ಹಿಡಿಸಿದೆ. ಗೆಳೆಯರು ಹಿಂದೆ ಒಂದರ ಮೇಲೊಂದು ಬಂಕ್ ಹಾಸಿಗೆ ಇರುವ ಆರು ಬರ್ತ್‌ನದೇ ತಗೊಳ್ಳಿ ಅನ್ನುತ್ತಾರೆ. ಯಾವುದು ಸರಿ?

ಉತ್ತರ: ನಿಮ್ಮ ಮನೆಗೆ ಆ ಎರಡೂ ಸರಿಹೊಂದುವುದಿಲ್ಲ. ನೀವು ಹುಡುಕಬೇಕಾದದ್ದು ಹಿಂದೆ ಒಂದು ಖಾಯಂ ಡಬಲ್ ಹಾಸಿಗೆ, ನಡುವೆ ಪಕ್ಕದಲ್ಲಿ ಬಂಕ್ ಆಗುವ ಸೈಡ್ ಡೈನೆಟ್ (ಊಟದ ಟೇಬಲ್, ಅದರ ಸೀಟುಗಳು), ಮುಂದೆ ಎದುರುಬದುರು ಸೋಫಾ ಇರುವ ಆರು ಬರ್ತ್ ಗಾಡಿ. ತೂಕದ ಲೆಕ್ಕ ಕೂಡಿಬಂದರೆ ಇದು, ಬರದಿದ್ದರೆ ಏನು ಮಾಡಬೇಕು ಅನ್ನುವುದನ್ನು ಮುಂದೆ ಹೇಳಿದೆ.

ಕ್ಯಾರವಾನ್ ನೋಡಲು ಹೋದವರೆಲ್ಲ ಎಷ್ಟು ಜನ ಮಲಗಬಹುದು ಅಂತ ಕೇಳುತ್ತಾರೆ. ಕೇಳಬೇಕಾದದ್ದು ಯಾರು ಎಷ್ಟು ಹೊತ್ತಿಗೆ ಮಲಗುತ್ತಾರೆ ಅಂತ. ಆರು ಮೀಟರಿನ ಡಬ್ಬಿಯಲ್ಲಿ ಕೂರುವ ಜಾಗವೇ ಮಲಗುವ ಜಾಗ. ಸೋಫಾವನ್ನು ಹಾಸಿಗೆ ಮಾಡಿದ ಗಳಿಗೆಯಿಂದ ಉಳಿದವರಿಗೆ ಕೂರಲು ನೆಲೆಯಿಲ್ಲ. ಅದಕ್ಕೆ ಒಂದೇ ಸೂತ್ರ: ಮೊದಲು ಮಲಗುವವರಿಗೆ ಖಾಯಂ ಹಾಸಿಗೆ, ಕೊನೆಗೆ ಮಲಗುವವರಿಗೆ ದಿನಾ ಹಾಸಿ ತೆಗೆಯುವ ಹಾಸಿಗೆ.

ಇದನ್ನು ಆ ಐಲ್ಯಾಂಡ್ ಬೆಡ್ ಗಾಡಿಗೆ ಹಚ್ಚಿ ನೋಡಿ. ನಾಲ್ಕು ಬರ್ತ್‌ನಲ್ಲಿ ಖಾಯಂ ಹಾಸಿಗೆ ನಿಮ್ಮಿಬ್ಬರದು, ಮಕ್ಕಳದು ಮುಂದಿನ ಸೋಫಾ. ಮಕ್ಕಳು ಎಂಟಕ್ಕೆ ಮಲಗಬೇಕು ಅಂದರೆ ಎಂಟಕ್ಕೇ ಸೋಫಾ ಹಾಸಿಗೆಯಾಗಬೇಕು. ಹೊರಗೆ ಮಳೆ. ನೀವಿಬ್ಬರೂ ಹಿಂದಿನ ಹಾಸಿಗೆಯ ಮೇಲೆ ದೀಪ ಸಣ್ಣದು ಮಾಡಿಕೊಂಡು, ಪಿಸುಮಾತಿನಲ್ಲಿ ಹನ್ನೊಂದರವರೆಗೆ ಕೂರಬೇಕು. ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿ ಒಂಬತ್ತೂವರೆಯವರೆಗೆ ಬೆಳಕಿರುವುದರಿಂದ ಮುಂದಿನ ದೊಡ್ಡ ಕಿಟಕಿಗಳ ಪಕ್ಕ ಮಲಗಿಸಿದ ಮಕ್ಕಳು ನಿದ್ದೆ ಹೋಗುವುದೂ ತಡ, ಬೆಳಗ್ಗೆ ಐದಕ್ಕೇ ಏಳುವುದೂ ಖಚಿತ. ಗಂಡಹೆಂಡತಿ ಇಬ್ಬರೇ ಓಡಾಡುವವರಿಗೆ ಐಲ್ಯಾಂಡ್ ಬೆಡ್‌ನಂಥದ್ದು ಇನ್ನೊಂದಿಲ್ಲ. ಚಿಕ್ಕ ಮಕ್ಕಳಿದ್ದವರಿಗೆ ಅದು ಶೋರೂಮಿನಲ್ಲಿ ಚೆಂದ, ಗಾಡಿ ನಿಲ್ಲಿಸಿ ತಂಗುವ ಸೈಟಿನಲ್ಲಿ ಕಷ್ಟ.

ಗೆಳೆಯರು ಹೇಳಿದ ಹಿಂಬದಿ ಬಂಕ್ ಗಾಡಿ ನೀವು ನಾಲ್ಕೇ ಜನ ಇದ್ದಾಗ ಬಹಳ ಚೆನ್ನಾಗಿ ನಡೆಯುತ್ತದೆ. ಮಕ್ಕಳು ಹಿಂದೆ, ಪರದೆ ಎಳೆದರೆ ಮುಗಿಯಿತು. ಆದರೆ ತಂದೆತಾಯಿ ಬಂದಾಗ ಅವರನ್ನು ಮುಂದಿನ ಸೋಫಾದಲ್ಲೇ ಮಲಗಿಸಬೇಕು, ನಿಮಗೆ ಡೈನೆಟ್. ಒಂಬತ್ತಕ್ಕೆ ಮಲಗುವ ಹಿರಿಯರು ಮುಂದೆ ಮಲಗಿದರೆ ಮತ್ತೆ ಅದೇ ಪಾಡು. ಮೇಲಾಗಿ ಡೈನೆಟ್ ಟೇಬಲ್ ಇಳಿಸಿ ಮಾಡಿದ ಡಬಲ್ ಹಾಸಿಗೆ ಅನ್ನುವುದು ಇಬ್ಬರು ದೊಡ್ಡವರಿಗೆ ಹೆಸರಿಗಷ್ಟೇ ಡಬಲ್. ಅಗಲ ಒಂದು ಮೀಟರಿಗಿಂತ ಚೂರು ಹೆಚ್ಚು ಇದ್ದರೆ ಪುಣ್ಯ.

ನಾನು ಹೇಳಿದ ವಿನ್ಯಾಸದಲ್ಲಿ ವರ್ಷದ ಬಹುಪಾಲು ನೀವಿಬ್ಬರೂ ಹಿಂದಿನ ಖಾಯಂ ಹಾಸಿಗೆಯಲ್ಲಿ, ಮಕ್ಕಳು ಡೈನೆಟ್ ಬಂಕಿನಲ್ಲಿ, ಮುಂದಿನ ಸೋಫಾ ಹಾಸಿಗೆಯಾಗುವುದೇ ಇಲ್ಲ. ತಂದೆತಾಯಿ ಬಂದಾಗ ಹಿಂದಿನ ಹಾಸಿಗೆ ಅವರಿಗೆ, ನೀವಿಬ್ಬರೂ ಎಲ್ಲರೂ ಮಲಗಿದ ಮೇಲೆ ಸೋಫಾ ಹಾಸಿಕೊಳ್ಳುತ್ತೀರಿ. ಯಾರ ಸಂಜೆಯೂ ಕೆಡುವುದಿಲ್ಲ.

ಖಾಯಂ ಹಾಸಿಗೆಯಲ್ಲೇ ನಾಲ್ಕು ಬಗೆ ಇವೆ. ನಿಮ್ಮ ತಂದೆಯವರ ಮಂಡಿ ನೋವಿನ ದೃಷ್ಟಿಯಿಂದ ಈ ವ್ಯತ್ಯಾಸ ಮುಖ್ಯ.

ಅಡ್ಡ ಐಲ್ಯಾಂಡ್ ಬೆಡ್‌ನ ತಲೆದಿಂಬು ಒಂದು ಪಕ್ಕದ ಗೋಡೆಗೆ, ಕಾಲು ಇನ್ನೊಂದು ಪಕ್ಕಕ್ಕೆ. ಮಾಮೂಲಿ ಬ್ರಿಟಿಷ್ ಗಾಡಿಯ ಒಳ ಅಗಲ ಸುಮಾರು 2.15 ಮೀಟರ್. ಹಾಸಿಗೆ 1.88 ಮೀಟರ್ ಇದ್ದರೆ ಕಾಲಬುಡದಲ್ಲಿ ಉಳಿಯುವುದು 27 ಸೆಂಟಿಮೀಟರ್. ಅದಕ್ಕೇ ಹಗಲು ಹಾಸಿಗೆಯನ್ನು ಗೋಡೆಯ ಕಡೆ ತಳ್ಳಿ ಮಡಚಿ ಓಡಾಡಲು ದಾರಿ ಮಾಡುತ್ತಾರೆ, ರಾತ್ರಿ ಎಳೆದು ಉದ್ದ ಮಾಡುತ್ತಾರೆ. ಬ್ರೋಷರ್‌ನಲ್ಲಿ ಕೊಡುವುದು ಎಳೆದಾಗಿನ ಉದ್ದ, ನೀವು ಶೋರೂಮಿನಲ್ಲಿ ನೋಡುವುದು ತಳ್ಳಿದಾಗಿನ ದಾರಿ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಬಾತ್‌ರೂಮ್ ತೀರಾ ಹಿಂದಿನ ತುದಿಯಲ್ಲಿದ್ದರೆ ಮುಂದೆ ಮಲಗಿದವರು ರಾತ್ರಿ ಆ 27 ಸೆಂಟಿಮೀಟರಿನಲ್ಲೇ ಪಕ್ಕಕ್ಕೆ ತಿರುಗಿ ದಾಟಬೇಕು. ಎಂಟು ಅಡಿ ಅಗಲದ, ಅಂದರೆ ಹೊರಗೆ 2.45 ಮೀಟರ್ ಇರುವ ಗಾಡಿಗಳಲ್ಲಿ ಈ ತೊಂದರೆ ಬಹಳ ಕಡಿಮೆ.

ಉದ್ದುದ್ದ ಐಲ್ಯಾಂಡ್ ಬೆಡ್‌ನಲ್ಲಿ ಎರಡೂ ಬದಿ ಇಳಿಯಬಹುದು. 1.35 ಮೀಟರ್ ಅಗಲದ ಹಾಸಿಗೆಯಾದರೆ ಆಚೀಚೆ 40 ಸೆಂಟಿಮೀಟರ್ ಸಿಗುತ್ತದೆ. ಗಾಡಿಯ ಉದ್ದವನ್ನು ಮಾತ್ರ ನುಂಗುತ್ತದೆ, ಹಾಗಾಗಿ ಡೈನೆಟ್‌ಗೆ ಜಾಗ ಉಳಿಯಬೇಕಾದರೆ ಗಾಡಿ ದೊಡ್ಡದೂ ಭಾರವೂ ಆಗುತ್ತದೆ.

ಖಾಯಂ ಟ್ವಿನ್ ಬೆಡ್ ಅಂದರೆ ನಡುವೆ ದಾರಿ ಬಿಟ್ಟ ಎರಡು ಒಂಟಿ ಹಾಸಿಗೆ. ವಯಸ್ಸಾದವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಒಬ್ಬರು ಎದ್ದರೆ ಇನ್ನೊಬ್ಬರಿಗೆ ಗೊತ್ತೇ ಆಗುವುದಿಲ್ಲ. ಆದರೆ ಇದು ಹೆಚ್ಚಾಗಿ ನಾಲ್ಕು ಬರ್ತ್ ಗಾಡಿಗಳಲ್ಲೇ ಬರುತ್ತದೆ.

ಉಳಿದದ್ದು ಫ್ರೆಂಚ್ ಬೆಡ್. ಹಿಂದಿನ ಒಂದು ಮೂಲೆಗೆ ಸೇರಿಸಿದ ಡಬಲ್ ಹಾಸಿಗೆ, ದಾರಿಯ ಕಡೆಯ ಕಾಲಬುಡದ ಮೂಲೆ ಕತ್ತರಿಸಿರುತ್ತದೆ. ಎದುರು ಮೂಲೆಯಲ್ಲಿ ಬಾತ್‌ರೂಮ್. ಸೈಡ್ ಡೈನೆಟ್ ಜೊತೆ ಆರು ಬರ್ತ್‌ನಲ್ಲಿ ನಿಮಗೆ ಸುಲಭವಾಗಿ ಸಿಗುವುದು ಇದೇ. ಇದರ ದೋಷ ತಿಳಿದುಕೊಂಡೇ ಕೊಳ್ಳಿ: ಗೋಡೆ ಕಡೆ ಮಲಗಿದವರು ಹೊರಗಿನವರನ್ನು ದಾಟಿಕೊಂಡೇ ಇಳಿಯಬೇಕು, ಹೊರಗಡೆ ಮಲಗಿದವರಿಗೆ ಕಾಲು ಚಾಚಲು ಜಾಗ ಕಡಿಮೆ. ಆದ್ದರಿಂದ ತಂದೆಯವರು ದಾರಿಯ ಕಡೆ, ತಾಯಿಯವರು ಗೋಡೆಯ ಕಡೆ. ತಾಯಿಯವರೂ ರಾತ್ರಿ ಏಳುವವರಾದರೆ ಈ ವಿನ್ಯಾಸ ಕೈಬಿಟ್ಟು ಉದ್ದುದ್ದ ಐಲ್ಯಾಂಡ್ ಹುಡುಕಿ. ತಂದೆಯವರ ಎತ್ತರ ಐದಡಿ ಎಂಟಿಂಚಿಗಿಂತ ಹೆಚ್ಚಿದ್ದರೆ ಅವರು ಮಲಗುವ ಅಂಚಿನ ಉದ್ದವನ್ನು ಟೇಪ್ ಹಿಡಿದು ಅಳೆಯಿರಿ. ಗೋಡೆ ಕಡೆಯ ಅಂಚಿನ ಉದ್ದ ಅವರಿಗೆ ಉಪಯೋಗವಿಲ್ಲ. ಬಾತ್‌ರೂಮ್ ಎರಡೇ ಹೆಜ್ಜೆ ಅನ್ನುವುದು ಅವರಿಗೆ ದೊಡ್ಡ ಅನುಕೂಲ.

ಹಾಸಿಗೆಯ ಎತ್ತರವನ್ನೂ ನೋಡಿ. ಖಾಯಂ ಹಾಸಿಗೆಯ ಕೆಳಗೆ ಸಾಮಾನು ಪೆಟ್ಟಿಗೆ, ಕೆಲವು ಗಾಡಿಗಳಲ್ಲಿ ಬಾಯ್ಲರ್ ಕೂಡ ಇರುವುದರಿಂದ ಅದು ಮನೆಯ ಮಂಚಕ್ಕಿಂತ ಎತ್ತರ. ತಂದೆಯವರಷ್ಟೇ ಎತ್ತರದವರು ಯಾರಾದರೂ ಅಂಚಿನಲ್ಲಿ ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಬರೀ ಬೆರಳು ತಾಗಿದರೆ ನಿದ್ದೆಗಣ್ಣಿನಲ್ಲಿ ಇಳಿಯುವಾಗ ಭಾರವೆಲ್ಲ ಮಂಡಿಗೆ ಬೀಳುತ್ತದೆ. ಗಾಡಿಯ ಬಾಗಿಲಿಗೂ ಒಂದೇ ಮೆಟ್ಟಿಲ ಪ್ಲಾಸ್ಟಿಕ್ ಪೀಠ ಸಾಲದು, ಎರಡು ಮೆಟ್ಟಿಲಿನದು ತಗೊಳ್ಳಿ.

ಇನ್ನೊಂದು ಮಾತು, ನಮ್ಮವರಿಗಷ್ಟೇ ಹೊಳೆಯುವಂಥದ್ದು. ತಾಯಿಯವರು ಉತ್ತರಕ್ಕೆ ತಲೆ ಹಾಕಿ ಮಲಗದವರಾದರೆ ಅದು ಕ್ಯಾರವಾನಿನಲ್ಲಿ ನಿಮ್ಮ ಕೈಯಲ್ಲಿಲ್ಲ. ಬಹಳಷ್ಟು ಕ್ಲಬ್ ಸೈಟ್‌ಗಳಲ್ಲಿ ನೆಲಕ್ಕೆ ಹೊಡೆದ ಗೂಟಕ್ಕೆ ಹೊಂದಿಸಿ, ಅವರು ಹೇಳಿದ ದಿಕ್ಕಿಗೇ ಗಾಡಿ ನಿಲ್ಲಿಸಬೇಕು. ಸೋಫಾ ಮತ್ತು ಟ್ವಿನ್ ಬೆಡ್‌ನಲ್ಲಿ ದಿಂಬನ್ನು ಆ ತುದಿಯಿಂದ ಈ ತುದಿಗೆ ಬದಲಿಸಬಹುದು. ಫ್ರೆಂಚ್ ಬೆಡ್‌ನಲ್ಲಿ ಕತ್ತರಿಸಿದ ಮೂಲೆಗೆ ತಲೆ ಬರುವುದರಿಂದ ಅದು ಆಗುವುದಿಲ್ಲ. ಮನೆಯಲ್ಲಿ ಇದು ಗಟ್ಟಿ ಪದ್ಧತಿಯಾಗಿದ್ದರೆ ಬುಕ್ ಮಾಡುವಾಗಲೇ ಪಿಚ್, ಅಂದರೆ ಗಾಡಿ ನಿಲ್ಲಿಸುವ ಜಾಗ, ಯಾವ ದಿಕ್ಕಿಗಿದೆ ಅಂತ ಫೋನ್ ಮಾಡಿ ಕೇಳಿ.

ಮಕ್ಕಳ ಬಂಕಿಗೆ ಬರೋಣ. ಸೈಡ್ ಡೈನೆಟ್‌ನ ಟೇಬಲ್ ಇಳಿಸಿ ಮೇಲೆ ಕುಶನ್ ಜೋಡಿಸಿದರೆ ಕೆಳ ಹಾಸಿಗೆ, ಗೋಡೆಯ ಹಲಗೆ ಇಳಿಸಿದರೆ ಮೇಲಿನದು. ಮೇಲೆ ಮಗಳು, ಕೆಳಗೆ ಮಗ. ಮೇಲಿನ ಬಂಕ್ ಆರು ವರ್ಷದೊಳಗಿನ ಮಕ್ಕಳಿಗಲ್ಲ, ಅವನು ಎಷ್ಟೇ ಹಟ ಮಾಡಲಿ. ಅಲ್ಲೇ ಅಂಟಿಸಿರುವ ತೂಕದ ಮಿತಿಯ ಚೀಟಿ ಓದಿ. ಮೇಲಿನ ಬಂಕಿನ ತಡೆಪಟ್ಟಿ, ಏಣಿ ಎರಡೂ ಇವೆಯೇ ನೋಡಿ. ಹಳೆಯ ಗಾಡಿಗಳಲ್ಲಿ ಮೊದಲು ಕಾಣೆಯಾಗುವುದು ಇವೇ. ಅಗಲ 60 ಸೆಂಟಿಮೀಟರಿನ ಆಸುಪಾಸು, ಉದ್ದ 1.8 ಮೀಟರಿಗಿಂತ ಕಡಿಮೆ ಇದ್ದರೂ ಸದ್ಯಕ್ಕೆ ಸಾಕು. ಆದರೆ ಮಗಳಿಗೆ 9. ಐದಾರು ವರ್ಷದಲ್ಲಿ ಅವಳಿಗೆ ಈ ಬಂಕ್ ಗಿಡ್ಡವಾಗುತ್ತದೆ, ಆಗ ಅವಳಿಗೆ ಮುಂದಿನ ಸೋಫಾ. ಕೊಳ್ಳುವಾಗಲೇ ಆ ಸೋಫಾ ಉದ್ದ ಇದ್ದರೆ ಗಾಡಿ ಬದಲಿಸುವ ಕೆಲಸ ತಪ್ಪುತ್ತದೆ.

ಈ ಮುಂದಿನ ಸೋಫಾವನ್ನು ಜನ ನೋಡುವುದೇ ಇಲ್ಲ, ಬಣ್ಣ ನೋಡಿ ಸುಮ್ಮನಾಗುತ್ತಾರೆ. ಅದರ ಮೇಲೆ ಉದ್ದಕ್ಕೆ ಮಲಗಿ ನೋಡಿ. ಖಾಯಂ ಹಾಸಿಗೆ ಇರುವ ಗಾಡಿಗಳಲ್ಲಿ ಸೋಫಾದ ಉದ್ದವನ್ನು ಕತ್ತರಿಸಿ ಹಾಸಿಗೆಗೆ ಜಾಗ ಕೊಟ್ಟಿರುತ್ತಾರೆ. ಆರು ಅಡಿ, ಅಂದರೆ 1.83 ಮೀಟರಿಗಿಂತ ಗಿಡ್ಡವಿದ್ದರೆ ದೊಡ್ಡವರಿಗೆ ಒಂಟಿ ಹಾಸಿಗೆಯಾಗಿ ಆಗದು, ಅಡ್ಡಕ್ಕೆ ಡಬಲ್ ಮಾಡಿಯೇ ಮಲಗಬೇಕು. ಡಬಲ್ ಮಾಡುವುದು ಹೀಗೆ: ನಡುವಿನ ಡ್ರಾಯರ್ ಪೆಟ್ಟಿಗೆಯ ಕೆಳಗಿಂದ ಮರದ ಪಟ್ಟಿಗಳ ಚೌಕಟ್ಟನ್ನು ಎದುರು ಸೋಫಾದವರೆಗೆ ಎಳೆಯಬೇಕು, ಸೀಟಿನ ಕುಶನ್ ನಡುವಿಗೆ ಸರಿಸಬೇಕು, ಒರಗುವ ಕುಶನ್ನುಗಳಿಂದ ಉಳಿದ ಸಂದು ತುಂಬಬೇಕು. ಶೋರೂಮಿನಲ್ಲಿ ನೀವಿಬ್ಬರೇ ಇದನ್ನು ಮಾಡಿ, ಸೇಲ್ಸ್‌ನವರನ್ನು ಮುಟ್ಟಗೊಡಬೇಡಿ. ಗಡಿಯಾರ ನೋಡಿಕೊಳ್ಳಿ. ಹತ್ತು ನಿಮಿಷ ದಾಟಿದರೆ, ಪಟ್ಟಿಗಳು ಸಿಕ್ಕಿಕೊಂಡರೆ ಆ ಗಾಡಿ ಬಿಡಿ, ಯಾಕೆಂದರೆ ಹನ್ನೊಂದು ಗಂಟೆಗೆ ಸುಸ್ತಾದಾಗ ಇದನ್ನು ಸದ್ದಿಲ್ಲದೆ ಮಾಡಬೇಕಾದವರು ನೀವೇ. ಸೀಟಿನ ಮುಂಭಾಗ ಮಂಡಿಗೆ ಹಿತವಾಗಲೆಂದು ಕುಶನ್ನಿನ ಅಂಚನ್ನು ಉಬ್ಬಿಸಿರುತ್ತಾರೆ. ಹಾಸಿಗೆ ಮಾಡಿದಾಗ ಆ ಉಬ್ಬು ಸೊಂಟದ ಕೆಳಗೆ ದಿಣ್ಣೆಯಾಗಿ ಒತ್ತುತ್ತದೆ. ಕುಶನ್ನನ್ನು ತಿರುವಿ ಹಾಕಿದರೆ ಕೆಲವದರಲ್ಲಿ ಸರಿಹೋಗುತ್ತದೆ, ಹೋಗದಿದ್ದರೆ ಮೇಲೆ ಹಾಸುವ 5 ಸೆಂಟಿಮೀಟರ್ ದಪ್ಪದ ಟಾಪರ್ ಗಾದಿ ಬೇಕು. ಹಗಲು ಆ ಟಾಪರ್ ಸುತ್ತಿ ಎಲ್ಲಿ ಇಡುತ್ತೀರಿ ಅನ್ನುವುದನ್ನೂ ಯೋಚಿಸಿ. ಹಿಂದಿನ ಖಾಯಂ ಹಾಸಿಗೆಯ ಕೆಳಗೆ ಇಡಬಹುದು, ಆದರೆ ಹಿರಿಯರು ಮಲಗುವ ಮುಂಚೆ ಹೊರಗೆ ತೆಗೆದಿರಬೇಕು.

ಈಗ ತೂಕ. ನೀವು ಕೇಳದಿದ್ದರೂ ಹಾಸಿಗೆಯ ಆಯ್ಕೆ ಕೊನೆಗೆ ಇಲ್ಲೇ ತೀರ್ಮಾನವಾಗುವುದು. ಬ್ರಿಟನ್ನಿನ ಕಾರಿನ ಲೈಸೆನ್ಸ್ ಇದ್ದವರು 2021ರ ಡಿಸೆಂಬರ್ 16ರಿಂದ 3,500 ಕೆಜಿವರೆಗಿನ ಟ್ರೇಲರ್ ಎಳೆಯಲು ಬೇರೆ ಪರೀಕ್ಷೆ ಕೊಡಬೇಕಿಲ್ಲ. ಹಾಗಂತ ಕಾರು ಎಳೆಯುವುದನ್ನೆಲ್ಲ ಎಳೆಯಬಾರದು. ಹೊಸದಾಗಿ ಎಳೆಯುವವರಿಗೆ ಅಲ್ಲಿನ ಕ್ಯಾರವಾನ್ ಕ್ಲಬ್ಬುಗಳು ಹೇಳುವ ಮಾತು, ಗಾಡಿಯ ಗರಿಷ್ಠ ತೂಕ ಕಾರಿನ ಕರ್ಬ್ ತೂಕದ ಶೇ 85 ದಾಟಬಾರದು ಅಂತ. ನಿಮಗದು ಸುಮಾರು 1,570 ಕೆಜಿ. ಹಿಂದೆ ಫ್ರೆಂಚ್ ಬೆಡ್, ಸೈಡ್ ಡೈನೆಟ್ ಇರುವ ಆರು ಬರ್ತ್ ಗಾಡಿಗಳು ಹೆಚ್ಚಾಗಿ 1,500 ಕೆಜಿ ದಾಟುತ್ತವೆ, ಎಷ್ಟೋ ಗಾಡಿಗಳಿಗೆ ಎರಡು ಆಕ್ಸಲ್. ಅಂದರೆ ನಿಮಗೆ ಸಿಗುತ್ತದೆ, ಆದರೆ ಹುಡುಕಬೇಕು. ಬಾಗಿಲ ಪಕ್ಕದ ತಟ್ಟೆಯಲ್ಲಿ, ಅಂದರೆ ತೂಕ ನಮೂದಿಸಿದ ಫಲಕದಲ್ಲಿ, ಎಂಟಿಪಿಎಲ್‌ಎಂ ಅಂತ ಬರೆದಿರುವುದೇ ಗರಿಷ್ಠ ತೂಕ.

ಆ ಗರಿಷ್ಠ ತೂಕದಲ್ಲಿ ನಿಮ್ಮ ಸಾಮಾನಿಗೆ ಎಷ್ಟು ಉಳಿಯುತ್ತದೆ ಅನ್ನುವುದಕ್ಕೆ ಯುರೋಪಿನ ಮಾನಕದಲ್ಲಿ ಒಂದು ಕನಿಷ್ಠ ಲೆಕ್ಕ ಇದೆ: ಬರ್ತ್ ಒಂದಕ್ಕೆ 10 ಕೆಜಿ, ಗಾಡಿಯ ಒಡಲಿನ ಉದ್ದದ ಪ್ರತಿ ಮೀಟರಿಗೆ 10 ಕೆಜಿ, ಮೇಲೆ 30 ಕೆಜಿ. ಆರು ಬರ್ತ್, ಆರು ಮೀಟರ್ ಅಂದರೆ 60, 60, 30, ಒಟ್ಟು 150. ಇದರಲ್ಲಿ ಬ್ಯಾಟರಿಗೆ 20, ಗಾಡಿಯ ಪಕ್ಕಕ್ಕೆ ಕಟ್ಟುವ ಡೇರೆ ಆನಿಂಗ್‌ಗೆ 40, ಗಾಡಿಯನ್ನು ನಿಂತಲ್ಲೇ ಸರಿಸುವ ಮೋಟರ್ ಮೂವರ್‌ಗೆ 30 ಹೋದರೆ ಉಳಿದದ್ದು 60 ಕೆಜಿ. ಎರಡು ಆಕ್ಸಲ್ ಗಾಡಿಗೆ ನಾಲ್ಕೂ ಚಕ್ರದ ಮೂವರ್ ಹಾಕಿದ್ದರೆ ಅದೂ ಕಡಿಮೆ. ಆರು ಜನರ ಬಟ್ಟೆ, ಹೊದಿಕೆ, ಕುಕ್ಕರ್, ಅಕ್ಕಿ, ಬೇಳೆ, ಮಿಕ್ಸಿ ಎಲ್ಲ ಈ 60ರಲ್ಲಿ. ಕಾರಿನಲ್ಲಿ ಆರು ಜನ ಕೂತರೆ ಮೂರನೇ ಸಾಲು ಎತ್ತಿದಾಗ ಡಿಕ್ಕಿ ಇರುವುದೇ ಇಲ್ಲ ಅನ್ನಬೇಕು, ಸಾಮಾನೆಲ್ಲ ಗಾಡಿಗೇ ಬರುತ್ತದೆ. ಓಡುವಾಗ ಕ್ಯಾರವಾನಿನೊಳಗೆ ಯಾರನ್ನೂ ಕೂರಿಸುವಂತಿಲ್ಲ, ಅದು ಕಾನೂನು. ಹಾಗಾಗಿ ಕಾರಿನ ತಟ್ಟೆಯಲ್ಲಿರುವ ಗ್ರಾಸ್ ಟ್ರೇನ್ ತೂಕ, ಅಂದರೆ ಜನ, ಸಾಮಾನು ತುಂಬಿದ ಕಾರು ಮತ್ತು ಗಾಡಿ ಎರಡರ ಒಟ್ಟು ಮಿತಿ, ಅದನ್ನೂ ಕೂಡಿಸಿ ನೋಡಿ. ಕೆಲವು ಮಾದರಿಗಳಿಗೆ ಕಂಪನಿಯೇ ಹೊಸ ತಟ್ಟೆ ಕೊಟ್ಟು ಗರಿಷ್ಠ ತೂಕವನ್ನು ಒಂದಿಷ್ಟು ಏರಿಸುತ್ತದೆ. ಖರೀದಿಗೆ ಮುಂಚೆ ಕೇಳಿ.

ಹಿಂದಿನ ಖಾಯಂ ಹಾಸಿಗೆಯ ಕೆಳಗಿನ ದೊಡ್ಡ ಪೆಟ್ಟಿಗೆ ಎಲ್ಲರನ್ನೂ ತಪ್ಪು ದಾರಿಗೆ ಎಳೆಯುತ್ತದೆ. ಅಲ್ಲಿ ಜಾಗ ಇದೆ ಅಂತ ಆನಿಂಗ್, ಅಕ್ಕಿ ಚೀಲ, ನೀರಿನ ಕ್ಯಾನು ತುಂಬಿದರೆ ಹಿಂಭಾಗ ಭಾರವಾಗಿ ಮೂಗು, ಅಂದರೆ ಕಾರಿಗೆ ಕಟ್ಟುವ ಮುಂತುದಿ, ಹಗುರಾಗುತ್ತದೆ. ಹಾಗಾದ ಗಾಡಿ ಮೋಟರ್‌ವೇನಲ್ಲಿ ದೊಡ್ಡ ಲಾರಿ ಪಕ್ಕದಲ್ಲಿ ಹೋದ ತಕ್ಷಣ ಹಾವಿನಂತೆ ಹೊರಳಾಡಲು ಶುರುಮಾಡುತ್ತದೆ. ಹಾಸಿಗೆಯ ಕೆಳಗೆ ರಜಾಯಿ, ದಿಂಬು, ಬಟ್ಟೆ ಮಾತ್ರ. ಭಾರದ್ದೆಲ್ಲ ಚಕ್ರದ ನೇರಕ್ಕೆ, ನೆಲದ ಮೇಲೆ. ಕೊಂಡಿಯ ಮೇಲಿನ ಭಾರ ತುಂಬಿದ ಗಾಡಿಯ ತೂಕದ ಶೇ 5ರಿಂದ 7 ಇರಬೇಕು, ಆದರೆ ಕಾರಿಗೂ ಕೊಂಡಿಗೂ ಹೇಳಿರುವ ಮಿತಿಗಳಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು.

ಹಳೆಯ ಗಾಡಿಯಾದ್ದರಿಂದ ಹಾಸಿಗೆಯೇ ನಿಮಗೆ ಗಾಡಿಯ ಆರೋಗ್ಯ ಹೇಳುತ್ತದೆ. ಹಾಸಿಗೆಯ ಚೌಕಟ್ಟು ಎತ್ತಿ ಕೈ ಬಿಡಿ. ಗ್ಯಾಸ್ ಸ್ಟ್ರಟ್ ಅದನ್ನು ಹಿಡಿದು ನಿಲ್ಲಿಸಬೇಕು, ಕೆಳಗೆ ಬಿದ್ದರೆ ಮಕ್ಕಳ ಕೈ ಜಜ್ಜೀತು. ಸ್ಟ್ರಟ್ ಬದಲಿಸುವುದು ಸಣ್ಣ ಖರ್ಚು. ಗಾದಿಯನ್ನು ಗೋಡೆಯಿಂದ ಎಳೆದು ಅದರ ಅಂಚು ನೋಡಿ. ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕೆ ಇದ್ದರೆ ಉಸಿರಿನ ತೇವ ತಣ್ಣನೆ ಗೋಡೆಗೆ ತಾಗಿ ನೀರಾಗಿ ಕೂತಿದೆ ಅಂತ ಅರ್ಥ. ಗೋಡೆ ಗಟ್ಟಿಯಿದ್ದರೆ ಗಾದಿ ಬದಲಿಸಿದರಾಯಿತು. ಆದರೆ ಗೋಡೆಯ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಮೆತ್ತಗೆ ಒಳಗೆ ಹೋದರೆ ಹೊರಗಿನ ಕೀಲಿನಿಂದ ಮಳೆನೀರು ಬರುತ್ತಿದೆ, ಅದು ಬೇರೆಯೇ ರೋಗ. ಗೋಡೆಯ ತೇವ ಅಳೆಯುವ ಡ್ಯಾಂಪ್ ಮೀಟರಿನ ವರದಿ ಕೇಳಿ. ಶೇ 15ರವರೆಗೆ ಚಿಂತೆಯಿಲ್ಲ, 15ರಿಂದ 20 ಇದ್ದರೆ ಮೂರು ತಿಂಗಳು ಬಿಟ್ಟು ಮತ್ತೆ ಅಳೆಯಬೇಕು, 20 ದಾಟಿದರೆ ದುರಸ್ತಿ ಮಾಡಿಸಿಕೊಟ್ಟ ಮೇಲೇ ಹಣ, 30 ದಾಟಿದ್ದನ್ನು ಮುಟ್ಟಲೇಬೇಡಿ. ಹಾಸಿಗೆಯ ಕೆಳಗಿನ ಎರಡೂ ಹಿಂಮೂಲೆಗಳ ಅಂಕಿ ಆ ವರದಿಯಲ್ಲಿ ಇರಲೇಬೇಕು. ಸಾಮಾನು ತುಂಬಿರುವ ಜಾಗವಾದ್ದರಿಂದ ಅಲ್ಲಿ ಮೀಟರ್ ಇಡದೆ ಬಿಡುವವರಿದ್ದಾರೆ.

ಕೊಂಡ ಮೇಲೆ ಗಾದಿಯ ಕೆಳಗೆ ಗಾಳಿಯಾಡುವ ಜಾಲರಿ ಹಾಸು ಹಾಕಿ, ಚಳಿಗಾಲದಲ್ಲಿ ಗಾಡಿ ನಿಲ್ಲಿಸಿದಾಗ ಗಾದಿಯನ್ನು ಎತ್ತಿ ನಿಲ್ಲಿಸಿ. ಆರು ಜನ ಮಲಗಿದ ರಾತ್ರಿ ಚಾವಣಿಯ ಕಿಂಡಿಯನ್ನು ಚೂರು ತೆರೆದೇ ಇಡಿ. ನೆಲದಲ್ಲಿರುವ ಖಾಯಂ ಗಾಳಿಕಿಂಡಿಗಳನ್ನು ಚಳಿ ಅಂತ ಬಟ್ಟೆ ತುರುಕಿ ಮುಚ್ಚಬೇಡಿ, ಸೋರಿದ ಗ್ಯಾಸ್ ಹೊರಹೋಗುವುದು ಅಲ್ಲಿಂದಲೇ. ಫ್ರೆಂಚ್ ಬೆಡ್ಡಿಗೆ ಮನೆಯ ಬೆಡ್‌ಶೀಟ್ ಕೂರುವುದಿಲ್ಲ, ಅದೇ ಆಕಾರದ್ದು ಹೊಲಿಸಬೇಕು ಅಥವಾ ಆರ್ಡರ್ ಮಾಡಿ ತರಿಸಬೇಕು.

ಅಡುಗೆ ಕಟ್ಟೆ ಖಾಯಂ ಹಾಸಿಗೆಗೆ ಅಂಟಿಕೊಂಡಿದ್ದರೆ ಇಂಗು ಸಾಸಿವೆ ಒಗ್ಗರಣೆಯ ವಾಸನೆ ಆ ಗಾದಿಗೆ ಹಿಡಿದು ವಾರಗಟ್ಟಲೆ ಬಿಡುವುದಿಲ್ಲ. ಕಟ್ಟೆಗೂ ಹಾಸಿಗೆಗೂ ನಡುವೆ ಎಳೆಯುವ ಬಾಗಿಲೋ ವಾರ್ಡ್‌ರೋಬೋ ಇರುವುದನ್ನು ನೋಡಿ. ಗಾಡಿಯ ಹೊರಗೋಡೆಯಲ್ಲಿ ಗ್ಯಾಸ್ ಪಾಯಿಂಟ್ ಇದ್ದರೆ ಒಗ್ಗರಣೆ ಹೊರಗೇ ಹಾಕಿಕೊಳ್ಳಬಹುದು, ಬಯಲಿನಲ್ಲಿ ಮಾತ್ರ. ಮುಚ್ಚಿದ ಆನಿಂಗ್‌ನೊಳಗೆ ಒಲೆ ಹಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ.

1,570 ಕೆಜಿಯೊಳಗೆ ಈ ವಿನ್ಯಾಸ ಸಿಗದಿದ್ದರೆ ಕಾರಿನ ಮಿತಿಯನ್ನು ಎಳೆದಾಡಬೇಡಿ. ಹಿಂದೆ ಖಾಯಂ ಬಂಕ್, ಮುಂದೆ ಉದ್ದ ಸೋಫಾ ಇರುವ ನಾಲ್ಕು ಬರ್ತ್‌ನ ಒಂದೇ ಆಕ್ಸಲ್ ಗಾಡಿ ತಗೊಳ್ಳಿ. ನಿಮ್ಮ ಮಕ್ಕಳು ಮೊದಲು ಮಲಗುವವರು, ಅವರಿಗೆ ಖಾಯಂ ಹಾಸಿಗೆ ಸಿಕ್ಕಂತಾಯಿತು. ತಂದೆತಾಯಿ ಬರುವ ಬೇಸಿಗೆಯಲ್ಲಿ ಬಾಡಿಗೆ ಲಾಡ್ಜ್ ಅಥವಾ ಒಂದೇ ಕಡೆ ಖಾಯಂ ನಿಂತಿರುವ ಸ್ಟ್ಯಾಟಿಕ್ ಕ್ಯಾರವಾನ್ ಇರುವ ಸೈಟನ್ನೇ ಆರಿಸಿ ಅವರಿಗೆ ಅದನ್ನು ಹಿಡಿಯಿರಿ. ಎರಡು ವರ್ಷಕ್ಕೊಮ್ಮೆ ಹತ್ತು ಹನ್ನೆರಡು ರಾತ್ರಿಯ ಬಾಡಿಗೆ ದೊಡ್ಡ ಕಾರಿನ ಕಂತಿಗಿಂತ ಕಡಿಮೆಯೇ. ಅವರನ್ನು ಆನಿಂಗ್‌ನ ಒಳಕೋಣೆಯಲ್ಲಿ ಮಾತ್ರ ಮಲಗಿಸಬೇಡಿ. ನೆಲದ ಹಾಸಿಗೆಯಿಂದ ಏಳುವುದು, ಕತ್ತಲಲ್ಲಿ ಜಿಪ್ ತೆಗೆದು ಗಾಡಿಯ ಮೆಟ್ಟಿಲು ಹತ್ತುವುದು 72ರ ಮಂಡಿಗೆ ಆಗುವ ಕೆಲಸವಲ್ಲ.

ಬರ್ಮಿಂಗ್‌ಹ್ಯಾಮ್‌ನ ಎನ್‌ಇಸಿ ಪ್ರದರ್ಶನ ಕೇಂದ್ರದಲ್ಲಿ ಫೆಬ್ರವರಿ ಮತ್ತು ಅಕ್ಟೋಬರ್‌ನಲ್ಲಿ ದೊಡ್ಡ ಕ್ಯಾರವಾನ್ ಪ್ರದರ್ಶನ ನಡೆಯುತ್ತದೆ. ಕೊಳ್ಳುವುದು ಹಳೆಯದಾದರೂ ಮಕ್ಕಳನ್ನೂ ಕರೆದುಕೊಂಡು ಒಮ್ಮೆ ಹೋಗಿ, ಎಲ್ಲ ವಿನ್ಯಾಸಗಳೂ ಒಂದೇ ಕಡೆ ಸಿಗುತ್ತವೆ. ಚಪ್ಪಲಿ ಬಿಟ್ಟು ನಾಲ್ಕೂ ಜನ ಮಲಗಿ. ಆಮೇಲೆ ನೀವು ತಂದೆಯವರ ಜಾಗದಿಂದ ಎದ್ದು, ಕಣ್ಣು ಮುಚ್ಚಿಕೊಂಡು, ಗೋಡೆ ತಡವುತ್ತ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ವಾಪಸ್ ಬನ್ನಿ. ದಾರಿಯಲ್ಲಿ ಯಾರ ಕಾಲನ್ನಾದರೂ ತುಳಿದರೆ ಮುಂದಿನ ಗಾಡಿಗೆ ನಡೆಯಿರಿ.